ಖಾಲಿ ಹಿಂತಿರುಗಿದ ತಟ್ಟೆ

"ಗುರುಗಳೇ, ಸಾವಾದ ಮನೆಯವನು ಹಬ್ಬದ ದಿನ ಊರಲ್ಲಿ ಇರಲೇಬೇಕೇ? ನಾಲ್ಕು ದಿನ ಬೇರೆಲ್ಲಾದರೂ ಇದ್ದು ಬಂದರೆ ತಪ್ಪೇನು?"

ಕೇಳಿದವನು ಮಠಕ್ಕೆ ಹೊಸಬ. ಮಳೆಗಾಲದಲ್ಲಿ ಅವನ ಅಣ್ಣ ತೀರಿಕೊಂಡಿದ್ದ. ಈಗ ಸಂಕ್ರಾಂತಿ ಹತ್ತಿರ ಬಂದಿತ್ತು. ಬಂದು ಹೋಗು ಎಂದು ಊರಿನಿಂದ ಅತ್ತಿಗೆ ಹೇಳಿಕಳಿಸಿದ್ದಳು. ಅವನಿಗೆ ಮನಸ್ಸಿರಲಿಲ್ಲ.

ಗುರುಗಳು ಸನ್ಯಾಸಕ್ಕೆ ಮೊದಲು ಬಂದರಿನಲ್ಲಿ ಮೆಣಸಿನ ಮಂಡಿ ನಡೆಸಿದವರು. ಅವರ ಕತೆಗಳಲ್ಲಿ ರಾಜರು ಬರುವುದು ಅಪರೂಪ. ಬಂದರೂ ಏನನ್ನಾದರೂ ಕೊಳ್ಳುವುದಕ್ಕೆ ಬರುತ್ತಾರೆ.

"ತಪ್ಪು ಸರಿ ಆಮೇಲೆ. ಮೊದಲು ಸರಕು ನೋಡು" ಎಂದು ಅವರು ಈ ಕತೆ ಹೇಳಿದರು.

ಕರಾವಳಿಯ ಒಂದು ಬಂದರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಕೊಬ್ಬರಿ ಮತ್ತು ನಾರಿನ ಹಗ್ಗ ಅವನ ವ್ಯಾಪಾರ. ಅವನದು ಕ್ರೈಸ್ತರ ಬೀದಿ. ಮನುಷ್ಯ ಕೆಟ್ಟವನಲ್ಲ, ಆದರೆ ಯಾರ ಹಂಗಿನಲ್ಲೂ ಇರಲಾರದವನು. ಯಾರಾದರೂ ಒಂದು ಬಾಳೆಗೊನೆ ಕಳಿಸಿದರೆ ಸಂಜೆಯೊಳಗೆ ಅವರ ಮನೆಗೆ ಒಂದು ಹಲಸಿನಹಣ್ಣು ಹೋಗಬೇಕು. ಹೋಗದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಆ ಬೀದಿಯಲ್ಲಿ ಕ್ರಿಸ್ಮಸ್ ಬಂತೆಂದರೆ ಮನೆಮನೆಯಲ್ಲೂ ಎಣ್ಣೆ ಕಾಯುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ ಎಂದು ಹಲವು ಬಗೆಯ ತಿಂಡಿ ಮಾಡುತ್ತಾರೆ. ತಟ್ಟೆಯಲ್ಲಿಟ್ಟು, ಮೇಲೆ ಬಿಳಿ ವಸ್ತ್ರ ಮುಚ್ಚಿ, ನೆರೆಮನೆಗೆ ಕೊಡುತ್ತಾರೆ. ತಟ್ಟೆಯನ್ನು ಬರಿದಾಗಿ ಹಿಂತಿರುಗಿಸುವಂತಿಲ್ಲ. ಒಂದು ಮುಷ್ಟಿ ಸಕ್ಕರೆಯಾದರೂ ಹಾಕಬೇಕು.

ಇದಕ್ಕೆ ಹೊರತು ಒಂದೇ ಮನೆ, ಆ ವರ್ಷ ಸಾವಾದ ಮನೆ. ಅಲ್ಲಿ ತಿಂಡಿ ಮಾಡುವುದಿಲ್ಲ. ಅಲ್ಲಿಂದ ಸಿಹಿ ಹೊರಗೆ ಹೋಗುವುದಿಲ್ಲ. ಬಂದ ತಟ್ಟೆಯನ್ನು ಮನೆಯವರು ಖಾಲಿಯಾಗಿಯೇ ಹಿಂದಕ್ಕೆ ಕೊಡುತ್ತಾರೆ. ಅದನ್ನು ಕೈಗೆ ತೆಗೆದುಕೊಂಡ ನೆರೆಯವರು ಸತ್ತವರ ಹೆಸರನ್ನು ಒಂದು ಸಲ ಬಾಯಿಬಿಟ್ಟು ಹೇಳುತ್ತಾರೆ. ಮತ್ತೇನೂ ಹೇಳುವುದಿಲ್ಲ, ಮುಂದಿನ ಮನೆಗೆ ಹೋಗುತ್ತಾರೆ. ಅದು ಆ ಬೀದಿಯ ರೂಢಿ.

ವ್ಯಾಪಾರಿಯ ಹೆಂಡತಿಯ ಹೆಸರು ಸೆವ್ರಿನ್. ಆ ಮನೆಯ ತಟ್ಟೆಗಳು ಹೋಗಿದ್ದೂ ಬಂದಿದ್ದೂ ಅವಳ ಕೈಯಿಂದಲೇ. ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಮಕ್ಕಳಿರಲಿಲ್ಲ. ವ್ಯಾಪಾರಿ ಅಳಲಿಲ್ಲ. ಮೂರನೆಯ ದಿನವೇ ಮಂಡಿಯ ಬಾಗಿಲು ತೆಗೆದ. ಜನ ಗಟ್ಟಿಗ ಎಂದರು. ಅವನೂ ಹಾಗೆಯೇ ತಿಳಿದಿದ್ದ.

ಡಿಸೆಂಬರು ಬಂತು. ಬೀದಿಯಲ್ಲಿ ಕಾಗದದ ನಕ್ಷತ್ರಗಳು ತೂಗಿದವು. ಪಕ್ಕದ ಮನೆಯಿಂದ ಎಣ್ಣೆ ಕಾದ ವಾಸನೆ ಬಂದಾಗ ಅವನಿಗೆ ಮೊದಲ ಸಲ ಹೆದರಿಕೆಯಾಯಿತು. ಹಬ್ಬದ ದಿನ ಬೆಳಗಿನಿಂದ ಸಂಜೆಯವರೆಗೆ ಬಾಗಿಲಲ್ಲಿ ನಿಲ್ಲಬೇಕು. ಬಂದವರೆಲ್ಲರ ಕೈಯಿಂದ ತುಂಬಿದ ತಟ್ಟೆ ತೆಗೆದುಕೊಂಡು ಬರಿದು ತಟ್ಟೆ ಕೊಡಬೇಕು. ಜನ್ಮದಲ್ಲಿ ಅವನು ಅಂಥ ಲೇವಾದೇವಿ ಮಾಡಿರಲಿಲ್ಲ. ಮತ್ತೆ ಒಬ್ಬೊಬ್ಬರೂ ಆ ಹೆಸರನ್ನು ಅವನ ಮುಖದ ಮೇಲೆ ಹೇಳುತ್ತಾರೆ. ಅದನ್ನು ಕೇಳಿಸಿಕೊಂಡು ನೆಟ್ಟಗೆ ನಿಂತಿರುವುದು ಹೇಗೆಂದು ಅವನಿಗೆ ಹೊಳೆಯಲಿಲ್ಲ.

ವ್ಯಾಪಾರಿಯಾದವನಿಗೆ ದಾರಿಗೇನು ಕಡಿಮೆ? ಅವನಿಗೆ ಕೊಬ್ಬರಿ ಬರುತ್ತಿದ್ದುದು ಸಮುದ್ರದ ನಡುವಿನ ಒಂದು ಮರಳ ದ್ವೀಪದಿಂದ. ಅಲ್ಲಿ ಇಗರ್ಜಿಯಿಲ್ಲ, ಘಂಟೆಯಿಲ್ಲ, ಬಾಲಯೇಸುವಿಗೆ ಗೋದಲಿ ಕಟ್ಟುವವರಿಲ್ಲ. ಅಲ್ಲಿಯವರ ಹಬ್ಬಗಳೇ ಬೇರೆ. ವರ್ಷವಿಡೀ ಬಿಸಿಲು. ಕ್ರಿಸ್ಮಸ್ಸು ಎಂಬ ಮಾತು ಕಿವಿಗೆ ಬೀಳದ ಜಾಗವನ್ನು ಹುಡುಕಿದರೂ ಇಷ್ಟು ಸಲೀಸಾಗಿ ಸಿಕ್ಕುತ್ತಿರಲಿಲ್ಲ. ಸರಕು ತುಂಬಿ, ಹಾಯಿ ಬಿಚ್ಚಿ ಹೊರಟ ಮಂಜಿಯಲ್ಲಿ ತನಗೊಂದು ಜಾಗ ಗೊತ್ತುಮಾಡಿಕೊಂಡ.

ಬಾಗಿಲಿಗೆ ಬೀಗ ಹಾಕುವಾಗ ಪಕ್ಕದ ಮನೆಯ ಮುದುಕಿ ನೋಡಿದಳು. ಅವಳೂ ಸೆವ್ರಿನಳೂ ಒಂದೇ ಒಲೆಯ ಮುಂದೆ ಕೂತು ತಿಂಡಿ ಕರಿದವರು.

"ಎಲ್ಲಿಗೆ ಮಾರಾಯ, ಹಬ್ಬದ ಎದುರಲ್ಲಿ?"

"ಸರಕಿನ ಕೆಲಸ ಉಂಟು ಬಾಯಮ್ಮ."

"ಹಬ್ಬಕ್ಕೆ ಅಂಗಡಿ ಮುಚ್ಚುವವರನ್ನು ನೋಡಿದ್ದೇನೆ. ಮನೆ ಮುಚ್ಚಿ ಅಂಗಡಿಗೆ ಹೋಗುವವನು ನೀನೊಬ್ಬ. ಮತ್ತೆ ನಾನು ತಟ್ಟೆ ತಂದರೆ ಯಾರ ಕೈಗೆ ಕೊಡುವುದು?"

"ಈ ವರ್ಷ ತರುವುದು ಬೇಡ. ನನ್ನಿಂದ ಹಿಂದಕ್ಕೆ ಕೊಡಲಿಕ್ಕೆ ಏನಿಲ್ಲ."

"ಕೊಡು ಅಂತ ನಿನ್ನನ್ನು ಯಾರು ಕೇಳಿದರು?" ಎಂದಳು ಮುದುಕಿ. "ನಾನು ತರುವುದು ನಿನಗಲ್ಲ."

ವ್ಯಾಪಾರಿ ಬೀಗವನ್ನು ಒಮ್ಮೆ ಜಗ್ಗಿ ನೋಡಿ ಹೊರಟುಹೋದ. ತನ್ನ ಊಟದ ತಟ್ಟೆಯೊಂದನ್ನು ಗಂಟಿನಲ್ಲಿ ಕಟ್ಟಿಕೊಂಡಿದ್ದ. ಪರಸ್ಥಳದಲ್ಲಿ ಇನ್ನೊಬ್ಬರ ತಟ್ಟೆಯಲ್ಲಿ ಉಣ್ಣುವುದು ಅವನಿಗೆ ಆಗದು.

ದ್ವೀಪದಲ್ಲಿ ಒಬ್ಬ ದೋಣಿಯವನ ಜಗಲಿಯಲ್ಲಿ ಇಳಿದುಕೊಂಡ. ಯಾರೂ ಏನೂ ಕೇಳಲಿಲ್ಲ. ಮರಳು ಬೆಳ್ಳಗಿತ್ತು, ನೀರು ತಿಳಿಯಾಗಿತ್ತು. ಒಳ್ಳೆಯ ವ್ಯವಹಾರ ಕುದುರಿತು ಎಂದುಕೊಂಡ.

ಹಬ್ಬದ ದಿನ ಘಂಟೆ ಬಾರಿಸುವ ಹೊತ್ತಿಗೆ ಎಚ್ಚರವಾಯಿತು. ಘಂಟೆ ಕೇಳಿಸಲಿಲ್ಲ. ಬಿಸಿಲು ನಿನ್ನೆಯಂತೆಯೇ ಏರಿತು. ಗಂಡಸರು ಮೀನಿಗೆ ಹೋದರು, ಹೆಂಗಸರು ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯುತ್ತ ಕೂತರು. ಅವನು ದ್ವೀಪಕ್ಕೆ ಒಂದು ಸುತ್ತು ಬಂದ. ಸಣ್ಣ ದ್ವೀಪ, ಬೇಗ ಮುಗಿಯಿತು. ಇನ್ನೊಂದು ಸುತ್ತು ಬಂದ. ತನ್ನದೇ ಹೆಜ್ಜೆಗುರುತಿನ ಮೇಲೆ ನಡೆಯುತ್ತಿದ್ದೇನೆಂದು ಕಂಡಾಗ ನಿಂತ.

ಮಧ್ಯಾಹ್ನ ಊಟಕ್ಕೆ ಕೂತರೆ ತುತ್ತು ಒಳಗೆ ಹೋಗಲಿಲ್ಲ. ಆ ದಿನ ಮನೆಯಿಂದ ಒಂದಾದರೂ ತಟ್ಟೆ ಹೊರಗೆ ಹೋಗದೆ ಅವನು ಉಂಡವನಲ್ಲ. ಎದ್ದು ಹೋಗಿ, ಒಂದು ಮನೆಯಲ್ಲಿ ತೆಂಗಿನಕಾಯಿ ಬೆಲ್ಲ ಕಾಯಿಸಿ ಬಾಳೆಲೆಯಲ್ಲಿ ಕಟ್ಟಿದ ಉಂಡೆಗಳನ್ನು ಕೊಂಡು ತಂದ. ತನ್ನ ತಟ್ಟೆ ತೊಳೆದು ಅದರಲ್ಲಿಟ್ಟು, ಹೆಗಲ ವಸ್ತ್ರ ಮುಚ್ಚಿ, ದೋಣಿಯವನ ಹೆಂಡತಿಗೆ ಕೊಟ್ಟ.

ಅವಳು ವಸ್ತ್ರ ಸರಿಸಿ ನಕ್ಕುಬಿಟ್ಟಳು. "ಏನು ಸಾವ್ಕಾರ್ರೇ, ನಮ್ಮ ಉಂಡೆ ನಮಗೇ ಮಾರುವುದಾ?"

"ಮಾರುವುದಲ್ಲ. ಇವತ್ತು ನಮ್ಮದೊಂದು ಹಬ್ಬ."

"ಹಬ್ಬಕ್ಕೆ ಒಬ್ಬರೇ ಬಂದಿರಾ?" ಎಂದಳು. ಅವಳು ತಟ್ಟೆ ಒಳಗೆ ಒಯ್ದಳು.

ಹೊತ್ತು ಇಳಿಯುವಾಗ ದೋಣಿಯವ ತಟ್ಟೆ ತಂದುಕೊಟ್ಟ. ಮರಳು ಹಾಕಿ ಉಜ್ಜಿ, ಹೊಳೆಯುವಂತೆ ಬೆಳಗಿದ್ದರು. ಒಂದು ಚೂರೂ ಉಳಿಸದೆ ಉಂಡೆವು ಎಂದು ತೋರಿಸುವುದು ಅಲ್ಲಿಯ ಮರ್ಯಾದೆ. ತಟ್ಟೆ ಖಾಲಿಯಿತ್ತು.

ವ್ಯಾಪಾರಿ ಅದನ್ನು ಕೈಗೆ ತೆಗೆದುಕೊಂಡ. ಖಾಲಿ ತಟ್ಟೆ ಕೈಗೆ ಬಂದೊಡನೆ ಅವನ ಬೀದಿಯವರ ಬಾಯಿಗೆ ಬರುವುದು ಸತ್ತವರ ಹೆಸರು. ಇಲ್ಲಿ ಆ ಹೆಸರು ಅವನಿಗೆ ಗೊತ್ತಿರಲಿಲ್ಲ.

"ಯಾರ ಹೆಸರು ಹೇಳಲಿ?"

"ಹೆಸರಾ? ಯಾತಕ್ಕೆ?"

"ನಿಮ್ಮ ಮನೆಯಲ್ಲಿ ತೀರಿಕೊಂಡದ್ದು ಯಾರು?"

ದೋಣಿಯವ ಬೆಚ್ಚಿಬಿದ್ದ. "ಎಂಥ ಮಾತು ಆಡ್ತೀರಿ ಸಾವ್ಕಾರ್ರೇ! ದೇವರ ದಯೆ, ಎಲ್ಲರೂ ಇದ್ದಾರೆ." ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿ ಕೇಳಿದ: "ನಿಮ್ಮಲ್ಲಿ ಯಾರು?"

ವ್ಯಾಪಾರಿ ಬಾಯಿ ತೆರೆದ. ಹೆಸರು ನಾಲಗೆಯ ತುದಿಗೆ ಬಂತು. ಇಡೀ ದ್ವೀಪದಲ್ಲಿ ಆ ಹೆಸರಿನ ಹೆಂಗಸನ್ನು ಕಂಡವರು ಒಬ್ಬರೂ ಇರಲಿಲ್ಲ. ಅವಳ ನಗು ಹೇಗಿತ್ತು, ಎಣ್ಣೆ ಸಿಡಿದು ಕೈಮೇಲೆ ಎಲ್ಲಿ ಕಲೆಯಾಗಿತ್ತು ಎಂದು ಬಲ್ಲವರಿರಲಿಲ್ಲ. ಹೇಳಿದರೆ ಅದು ಬರೀ ಒಂದು ಸದ್ದಾಗುತ್ತಿತ್ತು.

"ಏನಿಲ್ಲ. ಬಿಸಿಲು ಸ್ವಲ್ಪ ಹೆಚ್ಚಾಯಿತು" ಎಂದ.

"ಹೌದು, ಹೊರಗಿನವರಿಗೆ ಇಲ್ಲಿಯ ಬಿಸಿಲು ಆಗುವುದಿಲ್ಲ" ಎಂದು ದೋಣಿಯವ ಹೋದ.

ವ್ಯಾಪಾರಿ ತಟ್ಟೆ ಹಿಡಿದು ಕೂತ. ಇಷ್ಟು ಹೊತ್ತಿಗೆ ತನ್ನ ಬೀದಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಅವಳ ಹೆಸರು ಹೇಳಬೇಕಿತ್ತು. ಅವಳ ತಿಂಡಿ ತಿಂದ ಬಾಯಿಗಳು ಅವು. ಅವನ ಕೈಯಿಂದ ಬರಿದು ತಟ್ಟೆ ಇಸಕೊಳ್ಳುವುದು ಅವನನ್ನು ಹಂಗಿಗೆ ಹಾಕುವುದಕ್ಕಲ್ಲ, ಆ ಹೆಸರನ್ನು ಅವನಿಗೆ ಕೊಟ್ಟುಹೋಗುವುದಕ್ಕೆ. ಜೀವಮಾನವಿಡೀ ಸರಕು ಹಿಡಿದು ನೋಡಿ ಬೆಲೆ ಕಟ್ಟಿದವನಿಗೆ ಇದು ತಿಳಿದದ್ದು ಸಮುದ್ರದ ಆಚೆ ಬಂದ ಮೇಲೆ. ಆಗ ಅತ್ತುಬಿಟ್ಟ. ಹಿಂದಿರುಗಬೇಕೆಂದರೆ ಮಂಜಿಗೆ ಗಾಳಿ ಅನುಕೂಲವಿರಲಿಲ್ಲ. ಬಿಸಿಲಿನಲ್ಲಿ ಕಾದ.

ಊರು ಮುಟ್ಟಿದಾಗ ನಕ್ಷತ್ರಗಳನ್ನು ಇಳಿಸಿ ಮಡಿಸಿಟ್ಟಿದ್ದರು. ಮನೆಯ ಮೆಟ್ಟಿಲ ಮೇಲೆ ಒಂದು ತಟ್ಟೆಯಿತ್ತು. ವಸ್ತ್ರ ತೆಗೆದರೆ ಇರುವೆ. ತಿಂಡಿ ಪುಡಿಯಾಗಿತ್ತು. ಅವನು ಗಂಟನ್ನು ಕೆಳಗಿಡದೆ ಬಾವಿಕಟ್ಟೆಗೆ ಹೋಗಿ ತಟ್ಟೆ ತೊಳೆದ. ಒಳಗೆ ಡಬ್ಬಿಯಲ್ಲಿ ಸಕ್ಕರೆಯಿತ್ತು. ಮುಟ್ಟಲಿಲ್ಲ. ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದ ಮನೆಗೆ ನಡೆದ.

ಮುದುಕಿ ತಟ್ಟೆ ತೆಗೆದುಕೊಂಡಳು. ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಟ್ಟಳು. ವ್ಯಾಪಾರಿ ಹೋಗಲಿಲ್ಲ. ತಲೆ ತಗ್ಗಿಸಿ ಕಾದು ನಿಂತ.

ಅವನು ಏನಕ್ಕೆ ನಿಂತಿದ್ದಾನೆಂದು ಅವಳಿಗೆ ತಿಳಿಯಿತು.

"ಅದು ಹಬ್ಬದ ದಿನದ ಮಾತು ಮಗಾ" ಎಂದಳು. "ನಾವೆಲ್ಲ ಹೇಳಿ ಆಯಿತು. ಬೀದಿಯವರು ಒಬ್ಬರೂ ತಪ್ಪಿಸಲಿಲ್ಲ. ನಿನ್ನ ಬೀಗ ಹಾಕಿದ ಬಾಗಿಲಿನ ಎದುರು ನಿಂತು ಹೇಳಿ ಬಂದೆವು."

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಶಿಷ್ಯ.

"ಆಮೇಲೇನು? ಮರುವರ್ಷ ಆ ಮನೆ ಸಾವಿನ ಮನೆಯಲ್ಲ. ಅವನ ಮನೆಗೆ ಬಂದ ತಟ್ಟೆಗಳು ಸಕ್ಕರೆ ತುಂಬಿಕೊಂಡು ಹೋದವು. ಹೆಸರು ಹೇಳುವ ಕಾರಣ ಯಾರಿಗೂ ಇರಲಿಲ್ಲ."

ಶಿಷ್ಯ ಕೇಳಿದ: "ಹಾಗಾದರೆ ಸಂಕ್ರಾಂತಿಗೆ ನಾನು ಊರಿಗೆ ಹೋಗಬೇಕು ಅನ್ನುತ್ತೀರಾ?"

"ಅದಿರಲಿ" ಎಂದರು ಗುರುಗಳು. "ನಿನ್ನ ಅಣ್ಣನ ಹೆಸರೇನು?"

ಶಿಷ್ಯ ಬಾಯಿ ತೆರೆದ. ಆ ಮಠದಲ್ಲಿ ಅವನ ಅಣ್ಣನನ್ನು ಕಂಡವರು ಒಬ್ಬರೂ ಇರಲಿಲ್ಲ.