ಬೋರಲಿಂಗನ ಆಧಾರ, ಕರಿಯವ್ವನ ವೀಸಾ

ಹೂಂ ಅನ್ನೋರಿದ್ರೆ ಹೇಳ್ತೀನಿ, ತೂಕಡಿಸೋರಿಗೆ ಹೇಳಲ್ಲ. ಹೂಂ ಅಂದ್ರಾ? ಸರಿ.

ಕರಿಯವ್ವ ಅಂತ ಒಬ್ಬಳು ತಾಯಿ. ಮಗಳು ಪುಟ್ಟರಂಗಿ ನರ್ಸ್ ಆಗಿ ಸಮುದ್ರದಾಚೆ ದೇಶದಲ್ಲಿದ್ದಳು. ಮಗ ಬೋರಲಿಂಗ ಅವ್ವನ ಜೊತೆ ಊರಲ್ಲೇ ಇದ್ದ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ಕಾಯಿಲೆ. "ಇವನ ಜೊತೆ ಹೆಂಗಪ್ಪಾ ಏಗ್ಲಿ!" ಅಂತ ಅವ್ವ ದಿನಾ ಹಣೆ ಚಚ್ಚಿಕೊಳ್ಳೋಳು. ಚಚ್ಚಿಕೊಂಡ ಕೈಯಲ್ಲೇ ಅವನಿಗೆ ಅನ್ನ ಕಲಸಿ ಕೊಡೋಳು.

ಒಂದಿನ ಪುಟ್ಟರಂಗಿ ಫೋನ್ ಮಾಡಿದಳು. "ಅವ್ವಾ, ಚೊಚ್ಚಲ ಹೆರಿಗೆ. ಇಲ್ಲಿ ನಂಗ್ಯಾರೂ ಇಲ್ಲ. ಬಾಣಂತನಕ್ಕೆ ನೀನೇ ಬರ್ಬೇಕು. ಸುಮ್ನೆ ನೋಡ್ಕೊಂಡು ಹೋಗೋ ವೀಸಾ ಹದಿನೈದೇ ದಿನ. ಮೂರು ತಿಂಗಳಿಂದು ಮಾಡ್ಸವ್ವಾ!"

ಕರಿಯವ್ವನಿಗೆ ಮಂಡಿನೋವು. ಪಾಸ್‌ಪೋರ್ಟ್ ಕೊಟ್ಟು ಮಗನನ್ನೇ ಪೇಟೆಯ ಏಜೆಂಟನ ಹತ್ರ ಕಳಿಸಿದಳು.

ಏಜೆಂಟ್ ಅಂದ: "ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದ್ರೂ ಜೀವ ಇರ್ಬೇಕು ಕಣಯ್ಯ. ಇಲ್ದಿದ್ರೆ ಆ ದೇಶದೊಳಕ್ಕೆ ಬಿಡಲ್ಲ."

ಬೋರಲಿಂಗ ಅದನ್ನ ಕಿವಿಗಿಟ್ಟು ನೋಡಿದ. ಉಸಿರೇ ಇಲ್ಲ! ಮನೆಗೆ ಓಡಿಬಂದ, ಕಂಬಳಿ ಹೊದಿಸಿದ, ಕೂಸಿಗೆ ಕುಡಿಸೋ ಒಳಲೆಯಲ್ಲಿ ಹಾಲು ಹುಯ್ದ. "ಕುಡಿ, ಕುಡಿ, ಆರು ತಿಂಗಳು ಬದುಕು!"

"ಅಯ್ಯೋ ಪೆದ್ದೇ! ಪಾಸ್‌ಪೋರ್ಟು ಹಾಲು ಕುಡೀತದೇನ್ಲಾ? ತಾರೀಕು ನೋಡು ಅಂದದ್ದು ಕಣ್ಲಾ! ಒದ್ದೆ ಆದದ್ದನ್ನ ಬಿಸಿಲಿಗಿಟ್ಟು ಒಣಗಿಸ್ಬೇಕು, ತಿಳೀತಾ?"

"ತಿಳೀತವ್ವ."

ಪುಣ್ಯಕ್ಕೆ ಮೇಲಿನ ರಟ್ಟು ಮಾತ್ರ ನೆಂದಿತ್ತು, ತಾರೀಕೂ ಎರಡು ವರ್ಷ ಮುಂದಿತ್ತು.

ಮುಂದಿನ ವಾರ ಏಜೆಂಟ್ ಅಂದ: "ನಿಮ್ಮವ್ವನ ಫೋಟೋ ಬೇಕು. ಹಿಂದೆ ಬೆಳ್ಳಗಿರ್ಬೇಕು, ಮರೀಬೇಡ."

ಮರೀತಾನೆಯೇ! ಸ್ಟುಡಿಯೋಗೆ ಹೊರಟ ಅವ್ವ ಚಪ್ಪಲಿ ಹಾಕ್ಕೊಳ್ಳೋಕೆ ಬಗ್ಗಿದ್ದಳು. ಸುಣ್ಣದ ಗಡಿಗೆ ತಂದವನೇ ಬೆನ್ನ ತುಂಬಾ ಬಳಿದ. ಸುಣ್ಣ ಒದ್ದೆ. ಒದ್ದೆ ಆದದ್ದನ್ನ? ಹೂಂ, ಬಿಸಿಲಿಗೆ! ಅವ್ವನನ್ನ ಎತ್ಕೊಂಡು ಹೋಗಿ ಅಂಗಳದಲ್ಲಿ ಕೂರಿಸಿದ.

"ಅಯ್ಯೋ ಪೆದ್ದೇ! ಬಿಳೀ ಪರದೆ ಮುಂದೆ ಕೂತ್ಕೊಳ್ಳಿ ಅಂದದ್ದು ಕಣ್ಲಾ! ಯಾರು ಏನಂದ್ರೂ ಮೊದ್ಲು 'ಅಂದ್ರೇನು?' ಅಂತ ಕೇಳ್ಬೇಕು, ತಿಳೀತಾ?"

"ತಿಳೀತವ್ವ."

ಬಂತಪ್ಪ ವೀಸಾ ಆಫೀಸಿನ ದಿನ. ಅವ್ವ ಮಗ ಇಬ್ಬರೂ ಹೋದರು. ಮೇಜಿನಾಚೆ ಕನ್ನಡಕದ ಮೇಡಮ್ಮು.

"ಹೆಸರು?"

"ಅಂದ್ರೇನು?" ಅಂದ ಬೋರಲಿಂಗ.

"ಊರು?"

"ಅಂದ್ರೇನು?"

"ಯಾರಪ್ಪ ನೀನು?"

"ಅಂದ್ರೇನು?"

ಅವ್ವ ತೊಡೆ ಚಿವುಟಿದಳು. "ಬಾಯ್ಮುಚ್ಲಾ! ಅವರು ಯಾವ್ದರ ಹೆಸರು ಹೇಳ್ತಾರೋ ಅದನ್ನ ಚೀಲದಿಂದ ತೆಗ್ದು ಕೊಡು, ಅಷ್ಟೇ!"

"ಟಿಕೆಟ್?" ಕೊಟ್ಟ. "ಮಗಳು ಬರೆದ ಪತ್ರ?" ಕೊಟ್ಟ. ಸರಿಹೋಯ್ತು ಅಂದ್ಕೊಂಡ್ರಾ? ತಡೀರಿ.

ಮೇಡಮ್ಮು ಕನ್ನಡಕ ತೆಗೆದಿಟ್ಟರು. "ಮೂರು ತಿಂಗಳು ಬಹಳ ದಿನ ಆಯ್ತಮ್ಮ. ನಿಮಗೆ ಹೊಲ ಇಲ್ಲ, ಕೆಲಸ ಇಲ್ಲ. ಹೋದೋರು ವಾಪಸ್ ಬಂದೇ ಬರ್ತೀರಿ ಅನ್ನೋದಕ್ಕೆ ಆಧಾರ ಏನು?"

ಮಗಳು ಒಬ್ಬಳೇ ಹೆರಬೇಕಲ್ಲಪ್ಪಾ ಅಂತ ಕರಿಯವ್ವನ ಕಣ್ಣು ತುಂಬಿತು. ಆಧಾರ ಅಂದದ್ದೇ ತಡ, ಬೋರಲಿಂಗ ಚೀಲಕ್ಕೆ ಕೈಹಾಕಿ ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟ. ಅದೂ ಯಾರದು? ತನ್ನದು!

"ಇದು ನಿನ್ನದಲ್ವೇನಪ್ಪ?"

ಬಾಯಿ ಬಿಡಬಾರದಲ್ಲ! ಅವ್ವನ ಮುಖ ನೋಡಿದ. ಅವ್ವ ಹೂಂ ಅಂದ ಮೇಲೆ ಹೇಳಿದ: "ನಂದೇ ಮೇಡಮ್ಮೋರೆ. ನಮ್ಮವ್ವಂಗೆ ನಾನೇ ಆಧಾರ. ಊರಿಗೆಲ್ಲ ಅವಳೇ ಹೇಳ್ಕೊಂಡು ತಿರುಗ್ತಾಳೆ. ನಂಗೆ ಅನ್ನ ಕಲಸ್ಕೊಳ್ಳಾಕೂ ಬರಾಕಿಲ್ಲ. ಅವಳು ಬರ್ದೆ ಏನ್ಮಾಡ್ತಾಳೆ?"

ಮೇಡಮ್ಮು ನಕ್ಕರು. ಆಮೇಲೆ ಸೆರಗಲ್ಲಿ ಮುಖ ಒರೆಸ್ಕೊಳ್ತಿದ್ದ ಕರಿಯವ್ವನನ್ನ ನೋಡಿ ಕನ್ನಡಕ ಮತ್ತೆ ಹಾಕ್ಕೊಂಡರು. "ತೊಂಬತ್ತು ದಿನ ಕೊಡ್ತೀನಮ್ಮ. ಒಂದು ದಿನವೂ ಮೀರಬೇಡಿ. ಈ ಆಧಾರ ಕಾಯ್ತಾ ಇರುತ್ತೆ."

ಹೊರಡೋ ದಿನ ಬಂತು. ಬೋರಲಿಂಗನ ಊಟಕ್ಕೆ ಪಕ್ಕದ ಮನೆ ಸಣ್ಣತಾಯಿಗೆ ಹೇಳಾಗಿತ್ತು. ಅವ್ವ ಗೋಡೆಗೆ ದಿನಕ್ಕೊಂದು ಹಾಳೆಯ ಕ್ಯಾಲೆಂಡರ್ ತೂಗುಹಾಕಿ, "ಇದರಲ್ಲಿ ತೊಂಬತ್ತು ಹಾಳೆ ಹರಿದ ದಿನ ನಾನು ಬಂದ್ಬಿಡ್ತೀನಿ ಮಗ, ತಿಳೀತಾ?" ಅಂದಳು.

"ತಿಳೀತವ್ವ."

ಅವ್ವ ಬಸ್ ಹತ್ತಿದಳು. ಮಗನೇ ಕಾಣ್ತಿಲ್ಲ! ಡ್ರೈವರ್ ಹಾರನ್ ಹೊಡೆದ. ಅಷ್ಟರಲ್ಲಿ ಓಡಿಬಂದ ನೋಡಿ ಬೋರಲಿಂಗ, ಬೊಗಸೆ ತುಂಬಾ ಹಾಳೆ!

"ಅವ್ವಾ! ತೊಂಬತ್ತೂ ಹರಿದೆ! ಇಳಿ, ಮನೆಗೆ ಹೋಗಾನ!"

"ಅಯ್ಯೋ ಪೆ..." ಅಂದಳು ಅವ್ವ. ಮುಂದಿನದು ಬರಲಿಲ್ಲ. ಬೈಯೋದನ್ನ ಅವತ್ತು ಮೊದಲ ಸಲ ಮರೆತಳು. ಕಿಟಕಿಯಿಂದ ಕೈ ಚಾಚಿ ಅವನ ತಲೆ ಸವರಿದಳು.

"ಅನ್ನದ ಅಗುಳಲ್ಲಿ ಇವನ್ನೆಲ್ಲ ಗೋಡೆಗೆ ಅಂಟಿಸು ಮಗ. ಅಂಟಿಸಿ ಮುಗಿಸೋ ಹೊತ್ತಿಗೆ ಬಂದಿರ್ತೀನಿ."

"ತಿಳೀತವ್ವ."

ಬಸ್ ಹೋಯ್ತು. ಸಂಜೆ ಸಣ್ಣತಾಯಿ ಬಿಸಿ ಮುದ್ದೆ ತಂದಳು. ಗೋಡೆ ತುಂಬಾ ತೊಂಬತ್ತೂ ಹಾಳೆ ಅಂಟಿದ್ದವು. ಬೋರಲಿಂಗ ಬಾಗಿಲು ಹಾರುಹೊಡೆದು, ಎರಡು ತಟ್ಟೆ ಹಾಕ್ಕೊಂಡು ಕೂತಿದ್ದ.

"ಒಂದೇ ಮುದ್ದೆ ತಂದ್ಯಲ್ಲಕ್ಕ," ಅಂದ. "ನಮ್ಮವ್ವ ಬರೋ ಹೊತ್ತಾಯ್ತು."