ಬಸುರಿನ ಮೇಲಿಟ್ಟ ಆಣೆ

ಒಂದಲ್ಲ ಒಂದು ಊರು, ಆ ಊರಿಗೆ ಬೋರೆಹಟ್ಟಿ ಅಂತ ಹೆಸರಂತೆ. ಅಲ್ಲಿ ಕೊನೆಮನೆಯಲ್ಲಿ ದ್ಯಾವೀರಮ್ಮ ಅಂತ ಒಬ್ಬ ಹೆಂಗಸು ಇದ್ದಳಂತೆ. ಗಂಡ ಇರಲಿಲ್ಲ. ಇದ್ದೊಬ್ಬ ಮಗಳು ಹೊನ್ನಾಜಿಯನ್ನು ಹೊಳೆಯಾಚೆ ಊರಿಗೆ ಕೊಟ್ಟಿದ್ದಳು. ಇನ್ನು ಅವಳ ಸಂಸಾರ ಅಂದರೆ ಒಂದು ಹಿತ್ತಲು, ಹಿತ್ತಲಲ್ಲಿ ಒಂದು ಮಣ್ಣಿನ ಗೂಡು, ಗೂಡಲ್ಲಿ ಒಂದು ಬೂದು ಹೇಂಟೆ. ಹೇಂಟೆ ಅಂದರೆ ಮೊಟ್ಟೆ ಇಡೋ ಕೋಳಿ ಕಣ್ರಪ್ಪಾ, ತಿನ್ನೋದು ಮಾತ್ರ ಗೊತ್ತಿರೋರಿಗೆ ಹೇಳ್ತಿದೀನಿ.

ಒಂದು ದಿನ ಹೊಳೆಯಾಚೆಯಿಂದ ಸುದ್ದಿ ಬಂತಂತೆ, ಹೊನ್ನಾಜಿ ಬಸುರಿ ಅಂತ. ಮದುವೆಯಾಗಿ ಏಳು ವರುಷ ಆ ಹುಡುಗಿ ಅತ್ತೆಯ ಬಾಯಲ್ಲಿ ಬಂಜೆ, ಬಂಜೆ ಅನ್ನಿಸಿಕೊಂಡು ಸೊರಗಿ ಹೋಗಿದ್ದಳು. ಸುದ್ದಿ ಕೇಳಿದ ದ್ಯಾವೀರಮ್ಮ ಒಲೆ ಮುಂದೆ ಕೂತು ಅತ್ತಳಂತೆ. ಅತ್ತು ಮುಗಿದ ಮೇಲೆ ಲೆಕ್ಕ ಹಾಕಿದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಹೆತ್ತವಳಿಗೆ ತವರುಮನೆ ಹುಂಜ ಕುಯ್ದು ಮೆಣಸಿನ ಸಾರು ಕುಡಿಸಬೇಕು. ಆ ಸಾರು ಕಾಣದ ಬಾಣಂತಿಗೆ ಸೊಂಟ ನಿಲ್ಲೋದಿಲ್ಲ, ಎದೆಹಾಲು ಇಳಿಯೋದಿಲ್ಲ ಅಂತ ಊರೇ ನಂಬಿತ್ತು. ಈಗ ಮೊಟ್ಟೆ ಕಾವಿಗಿಟ್ಟರೆ ಮಗಳು ಹೆರೋ ಹೊತ್ತಿಗೆ ಹುಂಜ ಬೇಲಿ ಮೇಲೆ ನಿಂತು ಕೂಗುತ್ತೆ ಅಂದುಕೊಂಡಳು.

ಕಾವಿಗೆ ಇಟ್ಟಳು. ದಿನಕ್ಕೊಂದು ಮೊಟ್ಟೆ ಮಾಯ. ಮತ್ತೆ ಮೊಟ್ಟೆ ಕೂಡಿಟ್ಟಳು, ಮತ್ತೆ ಕಾವಿಗೆ ಇಟ್ಟಳು, ಮತ್ತೆ ಮಾಯ. ಮುಂಗುಸಿಯಾದರೆ ಚಿಪ್ಪು ಬಿಟ್ಟುಹೋಗುತ್ತೆ. ಕಾಡುಬೆಕ್ಕಾದರೆ ಹೇಂಟೆಯನ್ನೇ ಎತ್ತಿಕೊಂಡು ಹೋಗುತ್ತೆ. ಇಲ್ಲಿ ಚಿಪ್ಪೂ ಇಲ್ಲ, ಪುಕ್ಕವೂ ಇಲ್ಲ. ಇದು ಇಡಿಯಾಗಿ ನುಂಗೋ ಬಾಯಿ ಅಂತ ಅವಳಿಗೆ ತಿಳೀತಂತೆ. ಗೂಡಿನ ಸುತ್ತ ಬೂದಿ ಸುರಿದಳು, ಬೆಳ್ಳುಳ್ಳಿ ಜಜ್ಜಿ ಚೆಲ್ಲಿದಳು, ಜಾಲಿಮುಳ್ಳು ಒಟ್ಟಿದಳು. ಯಾವುದಕ್ಕೂ ಜಗ್ಗಲಿಲ್ಲ. ಮೂರನೆಯ ಕಾವು ಕೂತಾಗ ಅವಳು ದಿನ ಎಣಿಸತೊಡಗಿದ್ದಳು. ಇದೂ ತಪ್ಪಿದರೆ ಹುಂಜ ಬೆಳೆಯೋಕೆ ಹೊತ್ತಿಲ್ಲ, ಮಗಳ ಬಾಣಂತನಕ್ಕೆ ಸಾರಿಲ್ಲ.

ಆಗ ಅವಳಿಗೊಂದು ಉಪಾಯ ಹೊಳೀತಂತೆ. ಗೂಡಿನ ಹಿಂಗೋಡೆಯಲ್ಲಿ ಒಂದು ಬಿಲ ಇತ್ತು, ಅದನ್ನು ಮುಚ್ಚೋದಲ್ಲ, ಕಿರಿದು ಮಾಡೋದು. ಬಿದಿರಿನ ಗೂಟ ಬಡಿದು, ಬರಿಹೊಟ್ಟೆಯ ಹಾವು ನುಸುಳೋವಷ್ಟು ಜಾಗ ಬಿಟ್ಟಳು. ಹಸಿದು ಬರಲಿ, ತಿಂದು ಹೋಗೋದು ಹೇಗೆ ನೋಡೋಣ ಅಂದಳು.

ಮಾರನೆಯ ಬೆಳಗ್ಗೆ ಗೂಡಿನ ಬಾಗಿಲು ತೆಗೆದಳು. ಹೇಂಟೆ ಕಿರುಚಿಕೊಂಡು ಹೊರಕ್ಕೆ ಹಾರಿತು. ಒಳಗೆ ಒಂದು ನಾಗರಹಾವು. ತಲೆ ಬಿಲದಾಚೆ, ಮೈ ಈಚೆ, ಹೊಟ್ಟೆಯಲ್ಲಿ ಉಬ್ಬುಬ್ಬು. ದ್ಯಾವೀರಮ್ಮ ಒನಕೆ ಎತ್ತಿ ಬೆನ್ನ ಮೇಲೆ ಒಂದು ಕೊಟ್ಟಳಂತೆ. ಹಾವು ತಲೆ ಎಳೆದುಕೊಂಡು ಈ ಕಡೆ ತಿರುಗಿತು. ಹೆಡೆ ಎತ್ತಲಿಲ್ಲ, ಮಾತಾಡಿತು.

"ತಾಯೀ, ಹೊಡೀಬ್ಯಾಡ. ನಾನು ಬಸುರಿ. ಹಸಿವು ತಡೀನಾರದೆ ಬಂದೆ."

"ನನ್ ಮಗಳೂ ಬಸುರಿ ಕಣವ್ವ. ಅವಳ ಬಾಯಿಗೆ ಹೋಗಬೇಕಾದ್ದ ನೀನು ನುಂಗಿದ್ದೀಯ."

"ನುಂಗಿದ್ದ ಕಕ್ಕುತೀನಿ. ನಂಗೆ ದಾರಿ ಬುಡು. ಇನ್ನು ಈ ಹಿತ್ತಲ ಕಡೆ ತಲೆ ಹಾಕಕ್ಕಿಲ್ಲ."

"ಕಕ್ಕು, ಬುಡ್ತೀನಿ."

"ನಿನ್ ಮಾತ ಹೆಂಗೆ ನಂಬಲಿ? ಒಂದು ಆಣೆ ಇಡು."

ಈ ತಾಯಂದಿರಿಗೆ ಆಣೆ ಅಂದರೆ ಬಾಯಲ್ಲೇ ಇರುತ್ತೆ ನೋಡಿ. ಉಪ್ಪು ಎರವಲು ತಂದರೂ ಮಕ್ಕಳಾಣೆ, ಎಮ್ಮೆ ಹಾಲು ಕೊಡದಿದ್ದರೂ ಮಕ್ಕಳಾಣೆ. ದ್ಯಾವೀರಮ್ಮ ಹಿಂದೆಮುಂದೆ ನೋಡದೆ ಅಂದುಬಿಟ್ಟಳಂತೆ: "ನನ್ ಮಗಳ ಬಸುರಿನಾಣೆಗೂ ಬುಡ್ತೀನಿ."

ಹಾವು ನಂಬಿತು. ಬಾಯಿ ತೆರೆದು, ಮೈ ಹಿಂಡಿ ಹಿಂಡಿ, ಒಂದೊಂದಾಗಿ ಮೂರು ಮೊಟ್ಟೆ ಕಕ್ಕಿತಂತೆ. ಒಂದೂ ಒಡೆದಿರಲಿಲ್ಲ. ಸುಸ್ತಾಗಿ ತಲೆ ನೆಲಕ್ಕಿಟ್ಟು ಮಲಗಿತು. ದ್ಯಾವೀರಮ್ಮ ಮೊಟ್ಟೆ ಎತ್ತಿ ಸೆರಗಿಗೆ ಹಾಕಿಕೊಂಡಳು. ಬಿಡಬೇಕು ಅಂತಲೇ ಇತ್ತಂತೆ ಅವಳ ಮನಸ್ಸಲ್ಲಿ, ಸುಳ್ಳು ಯಾಕೆ ಹೇಳಲಿ? ಆದರೆ ಹಾವಿನ ಬೆನ್ನ ಮೇಲೆ ಒನಕೆಯ ಪೆಟ್ಟು ಕಾಣಿಸಿತು. ಪೆಟ್ಟು ತಿಂದ ಹಾವನ್ನು ಬಿಡಬಾರದು, ಹಾವಿನ ದ್ವೇಷ ಹನ್ನೆರಡು ವರುಷ ಅಂತ ಅವಳ ಅಜ್ಜಿ ಹೇಳಿದ್ದಳು, ಅಜ್ಜಿಗೆ ಅವಳಜ್ಜಿ ಹೇಳಿದ್ದಳು. ಇದು ಹೋಗಿ ನಾಳೆ ಬಂದರೆ? ಬಾಣಂತಿ ಕೋಣೆಗೇ ನುಗ್ಗಿದರೆ? ತೊಟ್ಟಿಲಿಗೇ ಹತ್ತಿದರೆ? ಹೆದರಿಕೆ ಆಣೆಗಿಂತ ದೊಡ್ಡದಾಯ್ತು. ಒನಕೆ ಎತ್ತಿದಳು.

"ನಿನ್ನಾಣೆ ನಿನಗಿರಲಿ ತಾಯೀ," ಅಂದಿತಂತೆ ಹಾವು. ಅಷ್ಟೇ ಅಂದದ್ದು.

ನಾಗರಹಾವು ಸತ್ತರೆ ಹಾಲು ತುಪ್ಪ ಬಿಟ್ಟು ಸುಡಬೇಕು. ಸುಟ್ಟರೆ ಊರಿಗೆ ಗೊತ್ತಾಗುತ್ತೆ, ಬಸುರಿ ಹಾವನ್ನು ಕೊಂದಳು ಅಂತ ಛೀಮಾರಿ ಹಾಕುತ್ತಾರೆ. ಅವಳು ತಿಪ್ಪೆ ಹಿಂದೆ ಗುಂಡಿ ತೋಡಿ ಹೂತು, ಕೈ ತೊಳೆದುಕೊಂಡಳು. ಮೊಟ್ಟೆಗಳನ್ನು ಒರೆಸಿ ಹೇಂಟೆಯ ಕೆಳಗೇ ಮತ್ತೆ ಇಟ್ಟಳು.

ಮೂರೂ ಮರಿಯಾದವಂತೆ. ಒಂದು ಕೆಂಪು ಹುಂಜ. ಹದ್ದು ಎತ್ತಲಿಲ್ಲ, ರೋಗ ತಟ್ಟಲಿಲ್ಲ, ಹುಂಜ ದಿನಾ ಬೆಳೆಯಿತು. ಹೊಳೆಯಾಚೆ ಹೊನ್ನಾಜಿಯ ಹೊಟ್ಟೆಯೂ ಬೆಳೆಯಿತು. ಏಳು ತಿಂಗಳು ತುಂಬಿದಾಗ ತಾಯಿ ಹೋಗಿ ಮಗಳನ್ನು ಕರಕೊಂಡು ಬಂದಳು. ಮಗಳು ಹಿತ್ತಲಲ್ಲಿ ಕೂತು ಹುಂಜಕ್ಕೆ ರಾಗಿ ಎರಚುತ್ತ, "ಅವ್ವಾ, ಇದನ್ನ ಕುಯ್ಯಕ್ಕೆ ಮನಸು ಬರುತ್ತೇನೆ?" ಅಂತ ನಗುತ್ತಿದ್ದಳಂತೆ.

ದಿನ ತುಂಬಿತು. ನೋವು ಬಂತು. ಸೂಲಗಿತ್ತಿ ಈರವ್ವ ಬಂದಳು. ಹಗಲೆಲ್ಲ ತಿಣುಕಿ ಹೊನ್ನಾಜಿ ಗಂಡುಮಗು ಹೆತ್ತಳು. ತಲೆತುಂಬ ಕೂದಲು, ಅಜ್ಜನ ಮೂಗು, ಮುದ್ದಾದ ಕೈಕಾಲು. ಈರವ್ವ ತಲೆಕೆಳಗೆ ಹಿಡಿದು ಬೆನ್ನು ತಟ್ಟಿದಳು, ಕಂಚಿನ ತಟ್ಟೆ ಬಡಿದಳು, ಬಾಯಿಗೆ ಬಾಯಿಟ್ಟು ಊದಿದಳು. ಮಗು ಅಳಲಿಲ್ಲ.

"ಅವ್ವಾ, ಯಾಕೆ ಸದ್ದಿಲ್ಲ?" ಅಂದಳು ಹೊನ್ನಾಜಿ.

ದ್ಯಾವೀರಮ್ಮ ಅಲ್ಲಿ ನಿಲ್ಲಲಾರದೆ ಹಿತ್ತಲಿಗೆ ಓಡಿದಳಂತೆ. ತಿಪ್ಪೆ ಹಿಂದೆ ಬಿದ್ದು, ಎರಡೂ ಕೈಯಲ್ಲಿ ಮಣ್ಣು ಕೆದರುತ್ತ, "ತಪ್ಪಾಯ್ತು ಕಣೆ ನಾಗವ್ವಾ, ನನ್ನ ತಗೊ, ಮಗುವ ಕೊಡು," ಅಂತ ಗೋಗರೆದಳಂತೆ. ಮಣ್ಣು ಏನು ಉತ್ತರ ಕೊಡುತ್ತೆ?

ಮಗು ಹೋದರೂ ಹೆತ್ತವಳು ಬಾಣಂತಿಯೇ. ಎದೆಗೆ ಹಾಲು ಬಂದಿತ್ತು, ಕುಡಿಯೋ ಬಾಯಿ ಇರಲಿಲ್ಲ. ಮಗಳ ಸೊಂಟವಾದರೂ ನಿಲ್ಲಲಿ ಅಂತ ದ್ಯಾವೀರಮ್ಮ ಹುಂಜ ಕುಯ್ದು, ಮೆಣಸು ಅರೆದು, ಸಾರು ಕಾಸಿ ಮುಂದಿಟ್ಟಳು. ಮಗಳು ತಾಯಿಯ ಮುಖ ನೋಡಿದಳು. ಆ ನೋಟಕ್ಕೆ ತಡೆಯಲಾರದೆ ದ್ಯಾವೀರಮ್ಮ ಎಲ್ಲ ಹೇಳಿಬಿಟ್ಟಳಂತೆ. ಬಿಲ, ಗೂಟ, ಆಣೆ, ಒನಕೆ, ಒಂದೂ ಬಿಡಲಿಲ್ಲ.

ಹೊನ್ನಾಜಿ ಬಯ್ಯಲಿಲ್ಲ. ಅಳಲೂ ಇಲ್ಲ. ಇಷ್ಟೇ ಕೇಳಿದಳಂತೆ: "ನಿನ್ ತಲೆ ಮ್ಯಾಲೆ ಯಾಕೆ ಇಡಲಿಲ್ಲವ್ವಾ, ಆ ಆಣೆಯ?"



ಮಗಳು ಬಟ್ಟಲು ಮುಟ್ಟದೆ ಎದ್ದಳು. ಹಸಿಮೈಯಲ್ಲೇ, ಮಡಿಲಕ್ಕಿ ಕಟ್ಟಿಸಿಕೊಳ್ಳದೆ, ಹೊಳೆ ದಾಟಿ ಹೋದಳು. ಮತ್ತೆ ತವರಿನ ಹೊಸಿಲು ತುಳಿಯಲಿಲ್ಲವಂತೆ. ತಾಯಿ ಸತ್ತಾಗಲೂ ಬಾಯಿಗೆ ನೀರು ಬಿಟ್ಟವರು ಪಕ್ಕದ ಮನೆಯವರಂತೆ.

ಇವತ್ತಿಗೂ ಬೋರೆಹಟ್ಟಿಯಲ್ಲಿ ಕೋಳಿಗೂಡಿಗೆ ಹಾವು ನುಗ್ಗಿದರೆ ಬಾಗಿಲು ತೆಗೆದು, ತಗಡು ಬಡಿದು, ದಾರಿ ಬಿಟ್ಟು ನಿಲ್ಲುತ್ತಾರಂತೆ. ತಿಂದದ್ದು ತಿಂದುಕೊಂಡು ಹೋಗಲಿ ಅನ್ನುತ್ತಾರಂತೆ.

ಕೇಳಿದವರ ಹೊಟ್ಟೆ ತಣ್ಣಗಿರಲಿ, ಹೇಳಿದವಳ ಬಾಯಿಗೆ ಆಣೆ ಬಾರದಿರಲಿ.