ಮುಂಡಾಸಿನ ಕೋಣೆಗೆ ಒಂದು ಗೋಡೆ

ಒಂದಾನೊಂದು ಊರು ಕಣ್ರಪ್ಪಾ. ಆ ಊರನ್ನು ಇನ್ನೂ ಯಾರೂ ಅಳೆದಿಲ್ಲ, ಹಾಗಾಗಿ ಎಷ್ಟು ದೂರ ಅಂತ ಕೇಳಬೇಡಿ. ಅಲ್ಲಿನ ರಾಜನಿಗೆ ತನ್ನ ಮುಂಡಾಸಿನ ಮೇಲೆ ಪ್ರಾಣ. ಅದಕ್ಕೊಂದು ಕೋಣೆ ಆಗಲೇಬೇಕು ಅಂದ. ಮುಂಡಾಸು ಗುಂಡಗಿದೆ, ಕೋಣೆಯೂ ಗುಂಡಗಿರಲಿ, ಸುತ್ತಲೂ ಒಂದೇ ಗೋಡೆ ಸಾಕು ಅಂದ.

ಅಂದಾಜುಪಟ್ಟಿ ಬರೆಯುವ ಕೊಟ್ರಪ್ಪ ಕೂತ. ಗಾರೆಗೆ ಚದರಡಿ ಬರೆದ, ಸರಿ. ಬಾಗಿಲು ಎಣಿಸುವಂಥದ್ದು, ಒಂದು ಅಂತ ಬರೆದ, ಅದೂ ಸರಿ. ಗೋಡೆಗೆ ಘನ ಅಡಿ ಬರೆಯಬೇಕು. ಅದಕ್ಕೆ ಉದ್ದ, ಎತ್ತರ, ದಪ್ಪ ಮೂರೂ ಬೇಕು. ದಪ್ಪ ಎಷ್ಟೆಂದು ಮೇಸ್ತ್ರಿ ದ್ಯಾಮಣ್ಣ ಬೆಳಗ್ಗೆಯೇ ಹೇಳಿದ್ದ. ಬರೆದುಕೋ ಅಂದಿದ್ದಕ್ಕೆ, ನನ್ನ ತಲೆಯೇ ಕಡತ ಅಂತ ಕೊಟ್ರಪ್ಪ ಜಂಬ ಕೊಚ್ಚಿದ್ದ. ಈಗ ಮರೆತಿದೆ. ಯಾವ ಮುಖ ಹೊತ್ತು ಕೇಳುವುದು? ನಾಚಿಕೆಯಾಯಿತು. ಗೋಡೆಯ ಮುಂದೂ ಬರೆದುಬಿಟ್ಟ: ಒಂದು.

ಗೋಡೆ ಎದ್ದಿತು. ಪಟ್ಟಿ ಓದಿತು. "ಎಷ್ಟು ದಪ್ಪವಾದರೂ ನಾನು ಒಂದೇ" ಅಂತ ಒಳಮುಖವಾಗಿ ಉಬ್ಬತೊಡಗಿತು. ಬಾಗಿಲು, ಎಷ್ಟು ಚಿಕ್ಕದಾದರೂ ನಾನೂ ಒಂದೇ ಅಂತ ಇಲಿಬಿಲದಷ್ಟಾಯಿತು. ಗಾರೆ ಮಾತ್ರ ತನ್ನ ಚದರಡಿ ಬಿಡಲಿಲ್ಲ, ಜಾಗ ಸಾಲದೆ ಸೀರೆಯ ಹಾಗೆ ನೆರಿಗೆ ಹಾಕಿಕೊಂಡಿತು. ಅದನ್ನು ಬಳಿಯುತ್ತಿದ್ದ ದ್ಯಾಮಣ್ಣ ಒಳಗೇ ಸಿಕ್ಕಿಬಿದ್ದ.

ರಾಜ ಆನೆಯಿಂದ ನೂಕಿಸಿದ. ಗೋಡೆ ಜಗ್ಗಲಿಲ್ಲ. ಅರ್ಧವಾದರೂ ಆಗು ಅಂತ ಕೊಟ್ರಪ್ಪ ಗುಟ್ಟಾಗಿ ಬೇಡಿಕೊಂಡ. ಪಟ್ಟಿಯಲ್ಲಿ ಅರ್ಧ ಇಲ್ಲ, ದಪ್ಪ ಬರೆದರೆ ಅಷ್ಟಕ್ಕೇ ನಿಲ್ಲುತ್ತೇನೆ ಅಂತು ಗೋಡೆ. ದಪ್ಪ ಗೊತ್ತಿದ್ದವನು ಒಳಗಿದ್ದ. ಅವನ ಕೆಮ್ಮು ಸಣ್ಣಗಾಗುತ್ತಿತ್ತು.

ಊರೆಲ್ಲ ನೋಡುತ್ತಿತ್ತು. ಕೊಟ್ರಪ್ಪ ನೆಲಕ್ಕೆ ಬೋರಲು ಬಿದ್ದು ಇಲಿಬಿಲಕ್ಕೆ ಬಾಯಿಟ್ಟ. "ದ್ಯಾಮಣ್ಣ, ನಂಗೆ ಮರ್ತೋಗಿತ್ತು. ಕೇಳಾಕೆ ನಾಚ್ಕೆ ಆತು. ದಪ್ಪ ಎಷ್ಟಂದಿದ್ದೆ?"

"ಒಂದೂವರೆ ಅಡಿ ಕಣಪ್ಪ," ಅಂತು ಒಳಗಿನ ದನಿ. "ಹತ್ ಸಲ ಕೇಳಿದ್ರೂ ಹೇಳ್ತಿದ್ನಲ್ಲೋ."

ಕೊಟ್ರಪ್ಪ ಘನ ಅಡಿ ಬರೆದ. ಗೋಡೆ ಒಂದೂವರೆ ಅಡಿಗೆ ಇಳಿಯಿತು. ದ್ಯಾಮಣ್ಣ ಮೈಯೆಲ್ಲ ಗಾರೆಯಾಗಿ ಹೊರಬಂದ. ಬೈಯಲಿಲ್ಲ. ಕೊಟ್ರಪ್ಪನ ಮೊಣಕಾಲಿನ ಧೂಳು ಕೊಡವಿದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕೊಟ್ರಪ್ಪನಿಗೆ.

ನಿನ್ನ ನಾಚಿಕೆಯನ್ನೂ ಪಟ್ಟಿಗೆ ಸೇರಿಸು ಅಂದ ರಾಜ. ಚದರಡಿಯೋ, ಎಣಿಕೆಯೋ ಅಂತಲೂ ಅವನೇ ಕೇಳಿದ.

ಕೊಟ್ರಪ್ಪ ತಲೆ ಎತ್ತಲಿಲ್ಲ. "ಘನ ಅಡಿ, ಪ್ರಭು. ಇದಕ್ಕೆ ದಪ್ಪ ಇದೆ."

ಅವನು ಇನ್ನೂ ಅಳೆಯುತ್ತಲೇ ಇದ್ದಾನಂತೆ. ನಾನು ನನ್ನ ಅಳತೆ ಟೇಪು ಸುತ್ತಿಟ್ಟೆ. ಎಷ್ಟು ಕತೆ ಆಯಿತು ಅಂತೀರಾ? ಒಂದು.